ಸೊಟ್ಟ ಕೋಡಿನ ಚೆಲುವಿ

"ಆಕಳಾ? ನಮ್ಮ ಮನ್ಯಾಗ ಆಕಳ ಎಲ್ಲೈತ್ರೀ ಸಾವಕಾರ್ರ?"

ಹನಮಂತವ್ವ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಬೆಟಗೇರಿಯಲ್ಲಿ ಲೇಬಲ್ಲು, ಬೋರ್ಡು ಮಾಡಿಕೊಡುವ ಮೊಹಸಿನನ ಅಂಗಡಿ ಅದು. ಅವಳ ತುಪ್ಪದ ಡಬ್ಬಿಗೆಂದು ಅವನು ಮಾಡಿದ ಲೇಬಲ್ಲಿನಲ್ಲಿ ಕೊರಳಿಗೆ ಗಂಟೆ ಕಟ್ಟಿದ ಬಿಳಿ ಆಕಳೊಂದು ಹಲ್ಲು ಬಿಟ್ಟು ನಗುತ್ತಿತ್ತು. ಬಿಂಕದಕಟ್ಟಿಯ ಅವಳ ಕೊಟ್ಟಿಗೆಯಲ್ಲಿದ್ದದ್ದು ಮೂರು ಎಮ್ಮೆ.

"ಐತೋ ಇಲ್ಲೋ ಯಾರ್ ನೋಡಾಕ ಬರ್ತಾರಬೇ?" ಎಂದರು ಗದಗಿನ ಕಿರಾಣಿ ಸಾವಕಾರ ಮುದಕಪ್ಪ. "ಎಮ್ಮಿ ಅಂದ್ರ ಮಂದಿ ಮಾರಿ ಕಿವುಚ್ತಾರ. ಆಕಳ ಹಾಕು, ವಾರಕ್ಕ ಇಪ್ಪತ್ತು ಡಬ್ಬಿ ನಾ ಒಯ್ತೇನಿ. ಎಮ್ಮಿ ಹಾಕಿದ್ರ ಒಂದೂ ಇಲ್ಲ."

ಬುಟ್ಟಿ ಹೊತ್ತು ಓಣಿ ಓಣಿ ತಿರುಗಿದರೂ ವಾರಕ್ಕೆ ಏಳು ಡಬ್ಬಿ ದಾಟದ ಹೆಂಗಸು ಅವಳು. ಹೂಂ ಅನ್ನು ಎಂದು ಮೊಹಸಿನ ಕಣ್ಣಲ್ಲೇ ಹೇಳಿದ.

"ಹಾಲು ಕೊಡಾಕ ಅಕಿ, ಫೋಟೋಕ್ಕ ಮತ್ತೊಬ್ಬಾಕಿ? ಕರ್ರಗಿದ್ದಾಳಂತ ಹಿಂದ ನಿಲ್ಲಸ್ತೀರೇನು? ನಾನೂ ಕರ್ರಗ ಅದೀನ್ರೀ."

"ಎಮ್ಮಿ ವಕೀಲಕಿ ಆದೇನಬೇ?"

"ಹೌದ್ರೀ. ಫೀಸು ತುಪ್ಪದಾಗ ಕೊಡ್ತಾಳ."

ಮೊಹಸಿನ ನಕ್ಕುಬಿಟ್ಟ. ಮುದಕಪ್ಪ ನಗಲಿಲ್ಲ. "ಹಂಗಾದ್ರ ಬುಟ್ಟಿನೇ ಹೊರು," ಎಂದು ಎದ್ದು ಹೋದರು. ಹೊರಗೆ ಅವರ ಸ್ಕೂಟರು ಎರಡು ಸಲ ಕೆಮ್ಮಿ ಹೊರಟಿತು.

"ಅಕ್ಕಾರ, ಈಗೇನ್ ಮಾಡ್ಲಿ?"

"ಆಕಳ ತಗಿ. ಇಕಿನ್ನ ಹಾಕು." ಸೆರಗಿನ ಗಂಟು ಬಿಚ್ಚಿ ತನ್ನ ಎಮ್ಮೆ ಚೆಲುವಿಯ ಫೋಟೋ ಕೊಟ್ಟಳು.

ಮೊಹಸಿನ ತನ್ನ ಕಸುಬಿನ ರೂಢಿಯಂತೆ ಅರ್ಧ ಮುಖ ಬರೆದು, ಅದನ್ನೇ ತಿರುವಿ ಇನ್ನರ್ಧಕ್ಕೆ ಕೂಡಿಸಿದ. ಎರಡೂ ಕೋಡು ಸರಿಸಮ ಬಂದವು.

"ಇಕಿ ಯಾರೋ ತಮ್ಮಾ?"

"ನಿಮ್ಮ ಚೆಲುವಿನ ಅಲ್ರೀ?"

"ನಮ್ಮ ಚೆಲುವಿದು ಎಡಗೋಡು ಸೊಟ್ಟ ಐತಿ."

"ಚಂದ ಕಾಣ್ಲಿ ಅಂತ ಸರಿ ಮಾಡೀನ್ರೀ."

"ನಿನಗ ಯಾರ್ ಹೇಳಿದ್ರು ಸರಿ ಮಾಡಂತ? ಬಗ್ಗಸು."

ಅವನು ಬಗ್ಗಿಸಿದ.

"ಇನ್ನಾ ಬಗ್ಗಸು. ಕಿವಿ ಮುಟ್ಟಬೇಕು."

ಮುಂದಿನ ಸೋಮವಾರ ಮುಂಜಾನೆ ಮುದಕಪ್ಪ ಅಂಗಡಿಯ ಬಾಗಿಲು ತೆಗೆಯುವಾಗ, ಎದುರಿನ ಬೇವಿನ ಗಿಡದ ಕೆಳಗೆ ಹನಮಂತವ್ವ ಬುಟ್ಟಿ ಇಳಿಸಿದಳು. ಡಬ್ಬಿಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಳು. ಒಂದು ಡಬ್ಬಿ ಅತ್ತ ಮುಖ ಮಾಡಿತ್ತು, ತಿರುಗಿಸಿದಳು. ಈಗ ಏಳೂ ಚೆಲುವಿಯರು, ಎಡಗೋಡು ಕಿವಿಯ ಮೇಲೆ ಬಿಟ್ಟುಕೊಂಡು, ಅಂಗಡಿಯ ಕಡೆಗೇ ನೋಡುತ್ತಿದ್ದರು.

"ಎಮ್ಮಿ ತುಪ್ಪಾ..." ಎಂದು ಹನಮಂತವ್ವ ಕೂಗಿದಳು.