ಭಾನುವಾರದ ಮಾತ್ರೆ

ಸದ್ದು ಹೊರಗೆ ಕೇಳಬಾರದೆಂದು ಕೊಡದಿಂದ ನೀರು ಸುರಿಯುತ್ತಲೇ ವಾಂತಿ ಮಾಡಿದಳು ಸರಸಮ್ಮ. ಆದರೂ ಕೇಳಿಸಿತ್ತು. ಬಚ್ಚಲಿನ ಬಾಗಿಲು ತೆಗೆದರೆ ಅತ್ತೆ ಸಿದ್ದಗಂಗಮ್ಮ ಎದುರಿಗೇ ನಿಂತಿದ್ದಳು. ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ ಆ ಮುಖ ಇಷ್ಟು ಮೆತ್ತಗಾದದ್ದನ್ನು ಸರಸಮ್ಮ ನೋಡಿರಲಿಲ್ಲ.

"ಹೊಟ್ಟೆ ತೊಳಸ್ತದಾ?"

"ರಾತ್ರಿಯ ಹುಳಿ ಒಗ್ಗಲಿಲ್ಲ ಅಂತ ಕಾಣುತ್ತೆ."

"ಹುಳಿ ನಾವೂ ಉಂಡ್ವಿ ಕಣಮ್ಮ. ಹೆತ್ತೋಳ್ಗೇ ಯೋಳ್ತೀಯಾ? ಕೊಡ ಇಳಿಸ್ಬುಡು. ಇವತ್ತಿಂದ ನೀರು ನಾನೇ ತತ್ತೀನಿ."

ಸರಸಮ್ಮ ಕೊಡ ಇಳಿಸಿದಳು.

ಗಂಡ ಶಂಕರಲಿಂಗಪ್ಪ ಬ್ಲಾಕ್ ಆಫೀಸಿನಲ್ಲಿ ನೌಕರಿಗಿದ್ದ. ಕೆಂಪು ತ್ರಿಕೋನದ ಬೋರ್ಡುಗಳನ್ನು ಜೀಪಿಗೆ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿ, ಮಕ್ಕಳು ಮಿತವಾಗಿರಲಿ ಎಂದು ಭಾಷಣ ಮಾಡುವುದು ಅವನ ಕೆಲಸ. ನಮಗೂ ಸ್ವಲ್ಪ ಕಾಲ ಬೇಡವೇ ಎಂದು ಅವಳು ಒಮ್ಮೆ ಕೇಳಿದಾಗ ನಕ್ಕಿದ್ದ. "ಅದು ಹೆತ್ತೋರಿಗೆ ಕಣೇ. ಮೊದಲು ಒಂದು ಆಗಲಿ."

ಇವತ್ತು ಅವಳು ಶಾಲೆಗೆ ಹೊರಟಾಗ ಚೀಲ ತಾನೇ ಹಿಡಿದು ಬೀದಿಯ ತಿರುವಿನವರೆಗೆ ಬಂದ. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದುಕೊಂಡಳು. ತಿರುವು ದಾಟಿದ ಮೇಲೆ ಅದೂ ಸುಳ್ಳೆನ್ನಿಸಿತು.

ಮಾತ್ರೆಗಳಿದ್ದದ್ದು ಅವಳು ಪಾಠ ಹೇಳುವ ಹೈಸ್ಕೂಲಿನ ವಿಜ್ಞಾನದ ಬೀರುವಿನಲ್ಲಿ, ಲಿಟ್ಮಸ್ ಕಾಗದದ ಡಬ್ಬಿಯ ಹಿಂದೆ. ಬಸಿರಾಗದಿರಲೆಂದು ಬೆಂಗಳೂರಿನ ಲೇಡಿ ಡಾಕ್ಟರೊಬ್ಬಳು ಕೊಟ್ಟವು. ಆ ಬೀರುವಿನ ಬೀಗದ ಕೈ ಅವಳ ಬಳಿಯಿತ್ತು; ಮನೆಯಲ್ಲಿ ಅವಳದೆನ್ನುವ ಬೀಗ ಒಂದೂ ಇರಲಿಲ್ಲ. ಅವಳ ಟ್ರಂಕನ್ನು ಸಹ ಅತ್ತೆ ನುಸಿಗುಳಿಗೆ ಇಡಲು ತೆಗೆಯುತ್ತಿದ್ದಳು. ಶಾಲೆಯ ಬೀರುವಿಗೆ ಭಾನುವಾರವಿತ್ತು, ಹಬ್ಬದ ರಜೆಯಿತ್ತು. ದಿನವೂ ನುಂಗಬೇಕಾದ ಮಾತ್ರೆಗೆ ಇರಲಿಲ್ಲ. ಶನಿವಾರ ಒಂದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬರುವಳು. ಕೆಲವೊಮ್ಮೆ ಅದು ಬೆವರಿಗೆ ಕರಗಿರುತ್ತಿತ್ತು. ಒಮ್ಮೆ ಸೀರೆಯ ಜೊತೆ ಒಗೆತಕ್ಕೆ ಹೋಯಿತು. ದಸರಾ ರಜೆಗೆ ಎಲ್ಲರೂ ಕೊರಟಗೆರೆಯ ನಾದಿನಿಯ ಮನೆಗೆ ಹೋದರು. ಜನ ತುಂಬಿದ ಆ ಮನೆಗೆ ಮಾತ್ರೆ ಒಯ್ಯಲು ಅವಳಿಗೆ ಧೈರ್ಯ ಬರಲಿಲ್ಲ. ಹಿಂತಿರುಗಿ ಮತ್ತೆ ನುಂಗತೊಡಗಿದಾಗ ಓಕರಿಕೆಯೂ ಶುರುವಾಯಿತು. ಹೊರಗೆ ಕೂರುವ ದಿನ ದಾಟಿತ್ತು. ಮಾತ್ರೆ ತಪ್ಪಿದರೂ ಹಾಗಾಗಬಹುದೆಂದು ಡಾಕ್ಟರು ಹೇಳಿದ್ದಳು. ಇನ್ನೊಂದು ಕಾರಣಕ್ಕೂ ಆಗಬಹುದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಮುಖ ಯಾಕೆ ಹಿಂಗೈತೆ?" ಸ್ಟಾಫ್ ರೂಮಿನಲ್ಲಿ ಸಿರಾ ಕಡೆಯ ಉರ್ದು ಮೇಡಂ ಜಹೀದಾ ಕೇಳಿದಳು. ಮಾತ್ರೆಯ ಸಂಗತಿ ಗೊತ್ತಿದ್ದವಳು ಅವಳೊಬ್ಬಳೇ.

"ವಾಂತಿ."

"ಮಾತ್ರೆದಾ, ಬಸಿರಿಂದಾ?"

"ಗೊತ್ತಿಲ್ಲ."

"ನಂಗೂ ಮಾತ್ರೆ ತಗೊಂಡ್ರೆ ಚಕ್ಕರ್ ಬರ್ತಿತ್ತು. ಬಿಟ್ಟೆ. ಈಗ ನೋಡು, ಮೂರನೇದು." ಜಹೀದಾ ತನ್ನ ಹೊಟ್ಟೆ ತೋರಿಸಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಿಂಗೆ ನಿಜವಾಗ್ಲೂ ಬೇಡವಾ?" ಎಂದಳು.

ಗಂಟೆ ಹೊಡೆಯಿತು ಎಂದಳು ಸರಸಮ್ಮ. ಹೊಡೆದಿರಲಿಲ್ಲ.

ಬೇಕೋ ಬೇಡವೋ ಎಂದು ಅವಳು ಎಂದೂ ಕೊನೆಯವರೆಗೆ ಯೋಚಿಸಿರಲಿಲ್ಲ. ಯಾರನ್ನೂ ಕೇಳದೆ ಅವಳು ಮಾಡುತ್ತಿದ್ದ ಕೆಲಸ ಮಾತ್ರೆ ನುಂಗುವುದೊಂದೇ. ಬೀರು ತೆಗೆದು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಒಳಗೆ ಏನಾದರೂ ಇದ್ದರೆ? ಸಿಂಕಿಗೆ ಉಗುಳಿದಳು. ಇಲ್ಲದಿದ್ದರೆ? ಅಷ್ಟರಲ್ಲಿ ನಿಜವಾಗಿಯೂ ಗಂಟೆ ಹೊಡೆಯಿತು. ಒಂಬತ್ತನೇ ತರಗತಿಗೆ ಪರಾಗಸ್ಪರ್ಶದ ಪಾಠ. ಹುಡುಗಿಯರು ಕಿಸಕ್ಕೆಂದರು. ಅವಳು ಬೋರ್ಡಿನ ಮೇಲೆ ಹೂವನ್ನು ಒರೆಸಿ ಒರೆಸಿ ಬರೆದಳು.

ಸಂಜೆ ಮನೆಗೆ ಬಂದಾಗ ಜಗಲಿಯ ಮೇಲೆ ಕಡಲೆಕಾಯಿ ರಾಶಿ. ಅತ್ತೆಯೂ ಪಕ್ಕದ ಮನೆಯ ಪಟಾಲಮ್ಮನೂ ಸುಲಿಯುತ್ತಾ ಕೂತಿದ್ದರು. ಶಂಕರಲಿಂಗಪ್ಪ ಆಗಲೇ ಬಂದು ಕಿತ್ತಳೆ ಬಿಡಿಸುತ್ತಿದ್ದ.

"ಯೋಳ್ಬಾರ್ದು ಅಂತಿದ್ದೆ, ಬಾಯಿ ತಡೀಲಿಲ್ಲ, ಯೋಳ್ಬುಟ್ಟೆ ಕಣೇ," ಎಂದಳು ಅತ್ತೆ.

"ಕೂಸಿಗೆ ಅಪ್ಪನ ಬಣ್ಣ ಬರ್ಲಿ ಬುಡು," ಎಂದಳು ಪಟಾಲಮ್ಮ.

"ಅತ್ತೆ, ಇನ್ನೂ ಏನೂ ಖಾತ್ರಿಯಿಲ್ಲ."

"ನಂಗೆ ಖಾತ್ರಿ ಐತೆ. ಬರೋ ತಿಂಗ್ಳಿಂದ ಇಸ್ಕೂಲು ಬುಟ್ಬುಡು. ಆ ಬೀರು ಬೀಗದ ಕೈ ಅವ್ರಿಗೇ ಕೊಟ್ಟು ಬಂದ್ಬುಡು."

ಸರಸಮ್ಮ ಗಂಡನತ್ತ ನೋಡಿದಳು. "ನೋಡೋಣ," ಎಂದ ಅವನು, ತಾಯಿಗೋ ಅವಳಿಗೋ ತಿಳಿಯದಂತೆ. ಕಿತ್ತಳೆ ತೊಳೆಯೊಂದನ್ನು ಅವಳ ಅಂಗೈಯಲ್ಲಿಟ್ಟ. ಅದರ ಬೀಜವನ್ನೂ ತೆಗೆದಿದ್ದ. ಅವನ ಸಂತೋಷ ನಿಜವಾದದ್ದು ಎಂದು ಅವಳಿಗೆ ಹೊಳೆಯಿತು. ಅದರಿಂದ ಹೆದರಿಕೆಯೇ ಹೆಚ್ಚಿತು.

ಸುಮ್ಮನಿರಲಾಗದೆ ಅವಳೂ ಸುಲಿಯಲು ಕೂತಳು. ಕೈಗೆ ದುಂಡಗಿನ ಒಂದು ಕಾಯಿ ಸಿಕ್ಕಿತು. ಸಿಪ್ಪೆ ಗಟ್ಟಿ, ಎಲ್ಲೂ ಬಿರುಕಿಲ್ಲ. ಒತ್ತಲು ಹೋದ ಬೆರಳು ತಡೆದು ನಿಂತಿತು. ಒಳಗೆ ಕಾಳಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಅತ್ತೆ ಜೋರಾಗಿ ನಗುತ್ತಿದ್ದಳು, ಏನೂ ಕೇಳಿಸಲಿಲ್ಲ. ಮತ್ತೆ ಅಲುಗಿಸಿದಳು.