ನಾಲ್ಕರಿಂದ ಏಳರವರೆಗೆ

ಮುತ್ಯಾಲಮ್ಮ ಸತ್ತ ಇಪ್ಪತ್ತನೆಯ ದಿನ ಊರಿನ ಗ್ರಾಮಸಭೆ ಸೇರಿತು. ಶಾಲೆಯ ಅಂಗಳದ ಶಾಮಿಯಾನದಡಿ ಅವಳ ಗಂಡ ಸಂಜೀವಪ್ಪ ಎರಡನೇ ಸಾಲಿನಲ್ಲಿ ಕುಳಿತಿದ್ದ. ಮುತ್ಯಾಲಮ್ಮ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಸತ್ತ ದಿನ ಸಂಜೆ ಏಳಕ್ಕೆ ಊರಿನ ತಿರುವಿನಲ್ಲಿ ಬಸ್ಸಿಳಿದು ರಸ್ತೆ ದಾಟುವಾಗ, ಕತ್ತಲಲ್ಲಿ ಅವಳು ಲಾರಿಯವನಿಗೆ ಕಾಣಿಸಿರಲಿಲ್ಲ. ಆ ತಿರುವಿನಲ್ಲಿ ಕಂಬಗಳಿದ್ದವು, ದೀಪಗಳಿರಲಿಲ್ಲ. ಹಾಕಿಸಿಯಾಗಿದೆ ಎಂದು ಪಂಚಾಯಿತಿಯ ಕಾಗದ ಹೇಳುತ್ತಿತ್ತು.

ಸಂಜೀವಪ್ಪ ಆ ಕಾಗದದ ನಕಲು ಹಿಡಿದು ಎದ್ದು ನಿಂತ. ಇಷ್ಟು ಜನರೆದುರು ಅವನು ಬಾಯಿಬಿಟ್ಟಿದ್ದು ಅದೇ ಮೊದಲು.

"ದೀಪ ಎಲ್ಲಿ ಹಾಕ್ಸಿದ್ದೀರಾ? ಅಷ್ಟು ಹೇಳಿ, ಸಾಕು."

ಅಧ್ಯಕ್ಷ ಕೆಂಪರಾಜ್ ಮೈಕ್ ತೆಗೆದುಕೊಂಡ. ದನಿಯಲ್ಲಿ ಮರುಕ ತುಂಬಿತ್ತು. "ಅಕ್ಕ ಹೋಗಿದ್ದು ನಮ್ಗೂ ಸಂಕಟಾನೇ, ಸಂಜೀವಣ್ಣ. ಬೇಜಾರ್ ಮಾಡ್ಕೋಬೇಡ, ಒಂದ್ ಮಾತ್ ಕೇಳ್ತೀನಿ. ಫ್ಯಾಕ್ಟ್ರಿ ಬಿಡೋದು ನಾಲ್ಕಕ್ಕೆ. ಇಲ್ಲಿಗೆ ಅರ್ಧ ಗಂಟೆ ದಾರಿ. ಏಳರವರೆಗೆ ಅಕ್ಕ ಎಲ್ಲಿದ್ರು?"

ಹಿಂದಿನಿಂದ ಯಾರೋ, "ಓವರ್‌ಟೈಮ್ ಇದ್ದಿರ್ಬೇಕು" ಎಂದರು.

"ಆವತ್ತು ಓಟಿ ಇರ್ಲಿಲ್ಲ ಕಣಪ್ಪಾ, ನಮ್ಮನೇವ್ಳೂ ಅಲ್ಲೇ ಅಲ್ವಾ ಕೆಲ್ಸ ಮಾಡೋದು" ಎಂದ ಪಾಪಯ್ಯ. ಆ ಸಂಜೆ ಹೊಸಕೋಟೆಯಲ್ಲಿ ಮುತ್ಯಾಲಮ್ಮನನ್ನು ಕಂಡೆನೆಂದು ಒಬ್ಬ, ಅದು ಬೇರೆ ಯಾರೋ ಎಂದು ಇನ್ನೊಬ್ಬ. ಹೆಂಗಸರ ಕಡೆ ಗುಸುಗುಸು ಎದ್ದಿತು.

"ದೀಪದ ವಿಷ್ಯ..." ಎಂದ ಸಂಜೀವಪ್ಪ. ಯಾರಿಗೂ ಕೇಳಿಸಲಿಲ್ಲ. ಕೆಂಪರಾಜ್ ಮುಂದಿನ ವಿಷಯ ಓದುವಂತೆ ಕಾರ್ಯದರ್ಶಿಗೆ ಸನ್ನೆ ಮಾಡಿದ.

ಮನೆಗೆ ಬಂದವನು ಊಟಕ್ಕೆ ಕೂರಲಿಲ್ಲ. ಮಗಳು ರೂಪ ತಟ್ಟೆ ಹಿಡಿದು ನಿಂತಿದ್ದಳು.

"ಆವತ್ತು ನಿಮ್ಮಮ್ಮ ಎಲ್ಲಿಗೆ ಹೋಗಿದ್ಲು?"

ರೂಪ ತಟ್ಟೆ ಕೆಳಗಿಟ್ಟಳು. "ನಂಗೊತ್ತಿಲ್ಲ. ಎಲ್ಲಿಗಾದ್ರೂ ಹೋಗಿರ್ಲಿ ಅಪ್ಪಾ. ದೀಪ ಇದ್ದಿದ್ರೆ ಮನೆಗೆ ಬರ್ತಿದ್ಲು."

ಅದು ನಿಜವೆಂದು ಅವನಿಗೂ ಗೊತ್ತಿತ್ತು. ಆದರೂ ಮರುದಿನ ಆ ನಕಲು ಹಿಡಿದು ತಾಲ್ಲೂಕು ಪಂಚಾಯಿತಿಗೆ ಹೋಗಬೇಕಿದ್ದವನು ಕಾರ್ಖಾನೆಯ ಗೇಟಿಗೆ ಹೋದ. ನಾಲ್ಕಕ್ಕೆ ಹೊರಬಂದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ತಡೆದು ಕೇಳಿದ. ಕೆಲವರು ಗೊತ್ತಿಲ್ಲವೆಂದು ತಲೆಯಾಡಿಸಿದರು, ಕೆಲವರು ಸೆರಗು ಸರಿಮಾಡಿಕೊಂಡು ಬೇಗಬೇಗ ನಡೆದರು. ಅವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೋ ಎಂದು ತಿಳಿಯದೆ ಅವನು ವಾರಗಟ್ಟಲೆ ಅಲ್ಲಿಗೇ ಹೋದ. ಕಡೆಗೆ ವಾಚ್‌ಮನ್ ಅವನನ್ನು ಗೇಟಿನ ಹತ್ತಿರ ಬಿಡದಾದ.

ಮುಂದಿನ ಗ್ರಾಮಸಭೆಯ ಹೊತ್ತಿಗೂ ದೀಪಗಳು ಬಂದಿರಲಿಲ್ಲ. ಸಂಜೀವಪ್ಪ ಮನೆಯಿಂದ ಹೊರಡಲಿಲ್ಲ. ರೂಪ ಒಬ್ಬಳೇ ಕಾಗದ ಹಿಡಿದು ಹೋದಳು. ಅವಳು ಎದ್ದು ನಿಲ್ಲುತ್ತಲೇ ಕೆಂಪರಾಜ್ ಮೈಕಿನಲ್ಲಿ ಮೆಲ್ಲಗೆ ಕೇಳಿದ:

"ನಿಮ್ಮಪ್ಪಂಗೆ ಏನಾದ್ರೂ ಗೊತ್ತಾಯ್ತೇನಮ್ಮಾ?"