ಎಡಗಡೆಯ ನಾಲ್ಕು ಸಾಲು

ಸಮುದ್ರದ ನೀರು ಒಳಗೊಳಗೇ ನುಗ್ಗಿ ಚಿಕ್ಕಪ್ಪನ ಕೆಳಗಿನ ಹೊಲ ಉಪ್ಪುಪ್ಪಾಗಿ ಮೂರು ವರ್ಷವಾಗಿತ್ತು. ಸೀಗಡಿ ಸಾಕುವವನೊಬ್ಬ ಅದರ ಮೇಲೆ ಕಣ್ಣಿಟ್ಟು, ಕೊಳ ತೋಡಿಸುತ್ತೇನೆಂದು ಬೆನ್ನು ಹತ್ತಿದ್ದ. ತೋಡಿದರೆ ಮುಗಿಯಿತು, ಆಮೇಲೆ ಅಲ್ಲಿ ಬೆಳೆಯ ಮಾತೇ ಇಲ್ಲ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅಣ್ಣನ ಮಗಳು ಕಾಡಿ ಬೇಡಿ ಒಂದು ತಿಂಗಳ ವಾಯಿದೆ ಪಡೆದಿದ್ದಳು.

ಅವಳ ಕೈಯಲ್ಲಿದ್ದದ್ದು ಸಮುದ್ರದಂಡೆಯ ಹುಲ್ಲಿನ ಬೇರಿನಿಂದ ತೆಗೆದು ಎರಡು ವರ್ಷ ಸಾಕಿದ ಬ್ಯಾಕ್ಟೀರಿಯಾ. ಉಪ್ಪುಮಣ್ಣಿನಲ್ಲೂ ಗಿಡ ಬೇರು ಚಾಚುವಂತೆ ನೋಡಿಕೊಳ್ಳುವ ಪುಣ್ಯಾತ್ಮರು. ಅವನ್ನು ಇದ್ದಿಲಪುಡಿಯಲ್ಲಿ ಕಲಸಿ, ಮುಸುಕಿನ ಜೋಳದ ಬೀಜಕ್ಕೆ ಮೆತ್ತಿ ಚಿಕ್ಕಮ್ಮನಿಗೆ ಕೊಟ್ಟು, "ಎಡಗಡೆ ನಾಲ್ಕು ಸಾಲಿಗೆ ಇವು, ಬಲಗಡೆ ನಾಲ್ಕಕ್ಕೆ ಬರೀ ಬೀಜ" ಎಂದು ಹೇಳಿ ಬಸ್ಸು ಹಿಡಿದಿದ್ದಳು.

ವಾಯಿದೆ ಮುಗಿದ ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಎಡಗಡೆಯ ಪೈರು ತುದಿ ಸುಟ್ಟುಕೊಂಡು ಮುದುರಿದೆ. ಬಲಗಡೆಯದು ಮೊಣಕಾಲೆತ್ತರ ನಿಂತು ಗಾಳಿಗೆ ತಲೆದೂಗುತ್ತಿದೆ.

"ಏನಮ್ಮಾ ಹುಳದ ಡಾಕ್ಟರೇ," ಎಂದ ಚಿಕ್ಕಪ್ಪ, "ನಿನ್ನ ಹುಳಗಳು ಅಡ್ರೆಸ್ ತಪ್ಪಿ ಪಕ್ಕದ ಮನೆಗೆ ಹೋದ ಹಾಗಿದೆ!"

ಅವಳಿಗೆ ನಗು ಬರಲಿಲ್ಲ. ಎರಡು ವರ್ಷದ ದುಡಿಮೆ ಕಣ್ಣೆದುರೇ ಒಣಗಿ ನಿಂತಿತ್ತು.

"ಸೋಮವಾರ ಆ ಸೀಗಡಿಯವನು ಜೆಸಿಬಿ ತರ್ತಾನಂತೆ. ಹೂಂ ಅಂದುಬಿಡ್ಲಾ?"

ಅಷ್ಟರಲ್ಲಿ ಚಹಾ ಹಿಡಿದು ಬಂದ ಚಿಕ್ಕಮ್ಮ ಲೋಟ ಕೊಡದೆ ನಿಂತೇಬಿಟ್ಟಳು. ಸೋಪನ್ನೂ ತೊಳೆದೇ ಬಳಸುವ ಹೆಂಗಸು ಅವಳು.

"ಬೈಬೇಡ ಕಣೇ. ಆ ಬೀಜ ಮಸಿ ಹಿಡಿದ ಪಾತ್ರೆ ಥರ ಇತ್ತು. ಅವಸರದಲ್ಲಿ ಎಲ್ಲೋ ಬೀಳಿಸ್ಕೊಂಡಿದ್ದೀಯ ಅಂತ ಮೂರು ನೀರಲ್ಲಿ ತೊಳೆದು ಬಿತ್ತಿದೆ."

"ಅಯ್ಯೋ ಚಿಕ್ಕಮ್ಮಾ! ಆ ನೀರು?"

"ಸಿಹಿನೀರು ಚೆಲ್ಲೋಕಾಗುತ್ತಾ? ಬಲಗಡೆ ಸಾಲಿಗೆ ಹುಯ್ದೆ."

ಅವಳು ಚಿಕ್ಕಮ್ಮನನ್ನು ತಬ್ಬಿದ ರಭಸಕ್ಕೆ ಚಹಾ ಅರ್ಧ ನೆಲದ ಪಾಲಾಯಿತು.

"ಅಂದ್ರೆ ಇದು ಇವಳ ಕೊಳೆನೀರಿನ ಮಹಿಮೆ," ಎಂದ ಚಿಕ್ಕಪ್ಪ.

"ಆ ಕೊಳೇಲೇ ನನ್ನ ಹುಳ ಇದ್ದದ್ದು!"

"ಬರೀ ಸಿಹಿನೀರಿಗೇ ಚಿಗುರಿರಬಹುದಲ್ಲ?"

ಇಲ್ಲ ಎನ್ನಲು ಬಾಯಿ ತೆರೆದಳು. ಒಂದೇ ಒಂದು 'ಇಲ್ಲ'ಕ್ಕೆ ಹೊಲ ಉಳಿಯುತ್ತಿತ್ತು. ಆದರೆ ಸುಳ್ಳು ಗಂಟಲು ದಾಟಲಿಲ್ಲ.

"ಇರಬಹುದು. ನಂಗೆ ಗೊತ್ತಿಲ್ಲ ಚಿಕ್ಕಪ್ಪ. ಇನ್ನೊಂದು ಸಲ ಬಿತ್ತಿದ್ರೆ ಗೊತ್ತಾಗುತ್ತೆ. ಈ ಸಲ ಎಡಗಡೆಗೆ ಬೀಜ ತೊಳೆದ ನೀರು, ಬಲಗಡೆಗೆ ಬರೀ ನೀರು."

ಚಿಕ್ಕಪ್ಪ ಅವಳನ್ನು ನೋಡಿದ, ಪೈರನ್ನು ನೋಡಿದ. ಕೊಳದವನು ಇಷ್ಟು ದಿನದಲ್ಲಿ ಒಂದು ಸಲವೂ 'ಗೊತ್ತಿಲ್ಲ' ಎಂದವನಲ್ಲ. ಫೋನ್ ತೆಗೆದ.

"ಸ್ವಾಮೀ, ಸೋಮವಾರ ಬರಬೇಡಿ. ನಮ್ಮನೇಲಿ ಇವರಿಬ್ಬರಿಗೂ ಬೀಜ ತೊಳೆಯೋ ಕೆಲಸ ಇದೆ. ಯಾವಾಗ ಮುಗಿಯುತ್ತಾ? ಜೋಳ ತೆನೆ ಕಟ್ಟಲಿ, ಆಮೇಲೆ ನೋಡೋಣ."